‘ಓವರ್’ ಮತ್ತು ‘ಮೇಲೆ’: ಸ್ಥಳವಾಚಿ ಪದಗಳ ಬಹ್ವರ್ಥತೆಯ ಒಂದು ತೌಲನಿಕ ಅಧ್ಯಯನ

1. ಪ್ರವೇಶ

‘ದ ವಿಲೇಜ್ ಈಸ್ ಓವರ್ ದ ಹಿಲ್’ ಎಂಬ ಇಂಗ್ಲಿಷ್ ವಾಕ್ಯವನ್ನು ‘ಊರು ಬೆಟ್ಟದ ಮೇಲಿದೆ’ ಎಂದು ಕನ್ನಡಿಸಿದರೆ ಊರು ಸ್ಥಳವನ್ನೇ ಬದಲಾಯಿಸುತ್ತದೆ. ಇಂಗ್ಲಿಷ್ ವಾಕ್ಯದ ಊರು ಬೆಟ್ಟದ ಆಚೆಗಿದೆ. ಕನ್ನಡ ವಾಕ್ಯದ ಊರು ಬೆಟ್ಟದ ನೆತ್ತಿಯಲ್ಲಿದೆ. ಅದೇ ರೀತಿ ‘ಹಿ ಜಂಪ್ಡ್ ಓವರ್ ದ ಫೆನ್ಸ್’ ಎಂಬುದನ್ನು ‘ಅವನು ಬೇಲಿಯ ಮೇಲೆ ಹಾರಿದನು’ ಎಂದರೆ, ಬೇಲಿಯನ್ನು ದಾಟಿ ಹೋದವನು ಬೇಲಿಯ ಮೇಲೆಯೇ ಬಂದು ನಿಂತಂತಾಗುತ್ತದೆ. ‘ಓವರ್’ ಪದಕ್ಕೆ ಕನ್ನಡದಲ್ಲಿ ಮೊದಲು ನೆನಪಾಗುವ ಸಮಾನಪದ ‘ಮೇಲೆ’ ಎಂಬುದೇ ಆಗಿದ್ದರೂ, ಇಷ್ಟು ಸರಳವಾದ ಎರಡು ವಾಕ್ಯಗಳಲ್ಲಿಯೇ ಆ ಸಮಾನತೆ ಕುಸಿದು ಬೀಳುತ್ತದೆ. ‘ದ ಫ್ಯಾನ್ ಈಸ್ ಓವರ್ ದ ಟೇಬಲ್’ ಎಂಬಲ್ಲಿಯಾದರೋ ‘ಮೇಲೆ’ ಯಾವ ತೊಡಕೂ ಇಲ್ಲದೆ ಸಲ್ಲುತ್ತದೆ.

ಇಂತಹ ಸಂದರ್ಭಗಳಲ್ಲಿ ಸಾಮಾನ್ಯವಾಗಿ ದೊರೆಯುವ ಸಮಾಧಾನವೆಂದರೆ, ‘ಆ ಪದಕ್ಕೆ ಅನೇಕ ಅರ್ಥಗಳಿವೆ, ಸಂದರ್ಭಕ್ಕೆ ತಕ್ಕುದನ್ನು ಆರಿಸಿಕೊಳ್ಳಬೇಕು’ ಎಂಬುದು. ಈ ಮಾತು ಸುಳ್ಳಲ್ಲ. ಆದರೆ ಇದು ಏನನ್ನೂ ವಿವರಿಸುವುದಿಲ್ಲ. ಒಂದು ಪದಕ್ಕೆ ಇಷ್ಟು ಅರ್ಥಗಳು ಏಕೆ, ಇವೇ ಅರ್ಥಗಳು ಏಕೆ, ಒಂದೇ ಬಗೆಯ ನೆಲೆಯಿಂದ ಹೊರಟಂತೆ ತೋರುವ ಎರಡು ಭಾಷೆಗಳ ಪದಗಳು ಮುಂದೆ ಬೇರೆ ಬೇರೆ ದಾರಿ ಹಿಡಿಯುವುದು ಏಕೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಪ್ರಸ್ತುತ ಲೇಖನದಲ್ಲಿ ಇಂಗ್ಲಿಷಿನ ‘ಓವರ್’ ಪದದ ಅರ್ಥವಿಸ್ತಾರವನ್ನು ಕನ್ನಡದ ‘ಮೇಲೆ’ ಪದದೊಡನೆ ಹೋಲಿಸಿ ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನ ಮಾಡಲಾಗಿದೆ. ‘ಓವರ್’ ಪದದ ಅರ್ಥಗಳನ್ನು ದಾಟುವಿಕೆಯ ಬಿಂಬವೂ ‘ಮೇಲೆ’ ಪದದ ಅರ್ಥಗಳನ್ನು ಪೇರಿಕೆಯ, ಅಂದರೆ ಒಂದರ ಮೇಲೊಂದನ್ನು ಇರಿಸುವ, ಬಿಂಬವೂ ಮುಖ್ಯವಾಗಿ ನಡೆಸುತ್ತವೆ ಎಂಬುದು ಇಲ್ಲಿನ ಪ್ರತಿಪಾದನೆ.

2. ‘ಓವರ್’ ಪದದ ಅರ್ಥವಿಸ್ತಾರ

‘ಓವರ್’ ಇಂಗ್ಲಿಷಿನ ಅತಿ ಹಳೆಯ ಪದಗಳಲ್ಲಿ ಒಂದು. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಓಫರ್’. ಜರ್ಮನ್ ಭಾಷೆಯ ‘ಊಬರ್’, ಲ್ಯಾಟಿನ್ನಿನ ‘ಸೂಪರ್’, ಗ್ರೀಕ್ ಭಾಷೆಯ ‘ಹ್ಯೂಪೆರ್’ ಹಾಗೂ ಸಂಸ್ಕೃತದ ‘ಉಪರಿ’ ಇದರ ಜ್ಞಾತಿಪದಗಳು. ‘ಸರ್ವೋಪರಿ’ ಎಂಬ ಪದವನ್ನು ಬಳಸುವ ಕನ್ನಡಿಗರು ‘ಓವರ್’ ಪದದ ದೂರದ ಬಂಧುವೊಂದನ್ನು ಬಳಸುತ್ತಿರುತ್ತಾರೆ. ‘ಮೇಲೆ’ ಎಂಬುದಕ್ಕೆ ಈ ಕುಲದೊಡನೆ ಯಾವ ಸಂಬಂಧವೂ ಇಲ್ಲ. ಅದು ಅಚ್ಚ ದ್ರಾವಿಡ ಪದ. ತಮಿಳಿನ ‘ಮೇಲ್’, ತೆಲುಗಿನ ‘ಮೇಲು’ ಅದರ ಸೋದರಪದಗಳು. ಆದ್ದರಿಂದ ಈ ಎರಡು ಪದಗಳ ಅರ್ಥಗಳಲ್ಲಿ ಕಾಣುವ ಹೋಲಿಕೆಗೆ ಸಮಾನವಾದ ಮೂಲ ಕಾರಣವಲ್ಲ ಎಂಬುದನ್ನು ಮೊದಲಿಗೇ ಗಮನಿಸಬೇಕು.

ಇಂದಿನ ಇಂಗ್ಲಿಷಿನಲ್ಲಿ ‘ಓವರ್’ ಪದದ ಮುಖ್ಯ ಅರ್ಥಗಳನ್ನು ಹೀಗೆ ಗುರುತಿಸಬಹುದು. ಮೊದಲನೆಯದು ತಾಕದೆ ಮೇಲಿರುವುದು: ಮೇಜಿನ ಮೇಲಿನ ದೀಪ. ಎರಡನೆಯದು ಮೇಲಿನಿಂದ ಹಾದುಹೋಗುವುದು: ಊರಿನ ಮೇಲೆ ಹಾದುಹೋದ ವಿಮಾನ. ಮೂರನೆಯದು ಆಚೆಗಿರುವುದು: ಬೆಟ್ಟದಾಚೆಯ ಊರು. ನಾಲ್ಕನೆಯದು ಮುಚ್ಚುವುದು, ವ್ಯಾಪಿಸುವುದು: ‘ಆಲ್ ಓವರ್ ದ ವಿಲೇಜ್’ ಎಂದರೆ ಊರ ತುಂಬ. ಐದನೆಯದು ಸಂಖ್ಯೆ ಅಥವಾ ಪ್ರಮಾಣವನ್ನು ಮೀರುವುದು. ಆರನೆಯದು ಅತಿಯಾಗುವುದು: ‘ಓವರ್‌ಲೋಡ್’, ‘ಓವರ್‌ಫ್ಲೋ’. ಏಳನೆಯದು ಅಧಿಕಾರ, ಹತೋಟಿ. ಎಂಟನೆಯದು ಮುಗಿಯುವುದು: ‘ದ ಮೀಟಿಂಗ್ ಈಸ್ ಓವರ್’. ಒಂಬತ್ತನೆಯದು ಪುನರಾವರ್ತನೆ: ‘ಓವರ್ ಅಂಡ್ ಓವರ್’. ಹತ್ತನೆಯದು ಹಸ್ತಾಂತರ: ‘ಹ್ಯಾಂಡ್ ಓವರ್’. ಹನ್ನೊಂದನೆಯದು ಮಗುಚಿ ಬೀಳುವುದು: ‘ಫಾಲ್ ಓವರ್’. ಇವಲ್ಲದೆ ಕಾಲಾವಧಿ (‘ಓವರ್ ದ ಇಯರ್ಸ್’), ಮಾಧ್ಯಮ (‘ಓವರ್ ದ ಫೋನ್’), ವಿವಾದದ ವಿಷಯ (‘ಕ್ವಾರಲ್ ಓವರ್ ಲ್ಯಾಂಡ್’) ಇವೂ ಸೇರುತ್ತವೆ.

ಈ ಪಟ್ಟಿಯಲ್ಲಿ ‘ಮೇಲಿರುವುದು’ ಮತ್ತು ‘ಮುಗಿಯುವುದು’ ಎಂಬ ಎರಡನ್ನು ಮಾತ್ರ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಇವು ಒಂದೇ ಪದದ ಅರ್ಥಗಳೆಂದು ನಂಬುವುದು ಕಷ್ಟ. ಕನ್ನಡದ ‘ಅರಿ’ ಎಂಬ ರೂಪಕ್ಕೆ ‘ತಿಳಿ’ ಎಂಬರ್ಥವೂ ಸಂಸ್ಕೃತದಿಂದ ಬಂದ ‘ವೈರಿ’ ಎಂಬರ್ಥವೂ ಇರುವುದು ಕೇವಲ ಧ್ವನಿಸಾಮ್ಯದ ಫಲ. ‘ಓವರ್’ ಪದದ ಅರ್ಥಗಳೂ ಹೀಗೆ ಆಕಸ್ಮಿಕವಾಗಿ ಒಂದೆಡೆ ಸೇರಿದವೋ ಅಥವಾ ಒಂದರಿಂದ ಒಂದು ಹುಟ್ಟಿದವೋ ಎಂಬುದೇ ವಿದ್ವಾಂಸರ ಮುಂದಿದ್ದ ಪ್ರಶ್ನೆ.

3. ಅಧ್ಯಯನದ ಹಿನ್ನೆಲೆ

ಈ ಪ್ರಶ್ನೆಗೆ ವ್ಯವಸ್ಥಿತವಾದ ಉತ್ತರ ಮೊದಲು ದೊರೆತದ್ದು 1981ರಲ್ಲಿ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕ್ಲಾಡಿಯಾ ಬ್ರುಗ್‌ಮನ್ ಅವರು ಎಂ.ಎ. ಪದವಿಗಾಗಿ ಇದೊಂದೇ ಪದವನ್ನು ಕುರಿತು ಪ್ರಬಂಧ ರಚಿಸಿದರು. ಜಾರ್ಜ್ ಲೇಕಾಫ್ ಅವರು 1987ರ ತಮ್ಮ ‘ವಿಮೆನ್, ಫೈರ್ ಅಂಡ್ ಡೇಂಜರಸ್ ಥಿಂಗ್ಸ್’ ಗ್ರಂಥದಲ್ಲಿ ಆ ವಿಶ್ಲೇಷಣೆಯನ್ನು ವಿಸ್ತರಿಸಿದರು. ಪದದ ಎಲ್ಲ ಅರ್ಥಗಳಿಗೂ ಸಮಾನವಾದ ಒಂದು ಲಕ್ಷಣವಿರಬೇಕಾಗಿಲ್ಲ. ಒಂದು ಕೇಂದ್ರಾರ್ಥದಿಂದ ಹೊರಟು, ಪ್ರತಿಯೊಂದು ಅರ್ಥವೂ ತನ್ನ ನೆರೆಯ ಅರ್ಥದೊಡನೆ ಮಾತ್ರ ನಂಟು ಇರಿಸಿಕೊಂಡು ಒಂದು ಜಾಲವಾಗಿ ಹರಡಿರಬಹುದು ಎಂಬುದು ಅವರ ನಿಲುವು. ವಿಟ್‌ಗೆನ್‌ಸ್ಟೈನ್ 1953ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಮಂಡಿಸಿದ ‘ಕುಟುಂಬ ಸಾದೃಶ್ಯ’ದ ಕಲ್ಪನೆಯೂ 1970ರ ದಶಕದಲ್ಲಿ ಎಲೀನರ್ ರಾಶ್ ಅವರು ವರ್ಗೀಕರಣವನ್ನು ಕುರಿತು ನಡೆಸಿದ ಪ್ರಯೋಗಗಳೂ ಈ ನಿಲುವಿನ ಹಿಂದಿವೆ. ಲೇಕಾಫ್ ಅವರ ಪ್ರಕಾರ ‘ಓವರ್’ ಪದದ ಕೇಂದ್ರಾರ್ಥ ‘ಮೇಲಿನಿಂದ ಅಡ್ಡಹಾಯುವುದು’.

ಈ ವಿಶ್ಲೇಷಣೆಗೆ ಎರಡು ದಿಕ್ಕುಗಳಿಂದ ಆಕ್ಷೇಪ ಬಂದಿತು. 1995ರಲ್ಲಿ ಡೊಮಿನೀಕ್ ಸಾಂಡ್ರಾ ಮತ್ತು ಸ್ಯಾಲಿ ರೈಸ್ ಅವರು, ಇಂತಹ ಅರ್ಥಜಾಲಗಳು ಭಾಷಿಕರ ಮನಸ್ಸಿನಲ್ಲಿ ನಿಜವಾಗಿ ಇರುವಂಥವೋ ಅಥವಾ ಭಾಷಾವಿಜ್ಞಾನಿಯ ಮನಸ್ಸಿನಲ್ಲಿ ಮಾತ್ರ ಇರುವಂಥವೋ ಎಂದು ಪ್ರಶ್ನಿಸಿದರು. ಆಂಡ್ರಿಯಾ ಟೈಲರ್ ಮತ್ತು ವಿವಿಯನ್ ಎವಾನ್ಸ್ ಅವರು 2001ರ ಲೇಖನದಲ್ಲಿ ಹಾಗೂ 2003ರ ಗ್ರಂಥದಲ್ಲಿ, ಸಂದರ್ಭದಿಂದ ಒದಗುವ ಅರ್ಥವನ್ನೆಲ್ಲ ಪದದ ತಲೆಗೆ ಕಟ್ಟುವುದು ಸರಿಯಲ್ಲವೆಂದು ವಾದಿಸಿದರು. ಅವರ ದೃಷ್ಟಿಯಲ್ಲಿ ಮೂಲಚಿತ್ರವೆಂದರೆ ಒಂದು ವಸ್ತು ಇನ್ನೊಂದರ ಮೇಲೆ, ಅದರ ಪ್ರಭಾವಕ್ಕೆ ನಿಲುಕುವಷ್ಟು ಸಮೀಪದಲ್ಲಿ ಇರುವುದು ಮಾತ್ರ. ಹಾಯುವಿಕೆ ಕ್ರಿಯಾಪದದಿಂದಲೂ ಲೋಕಾನುಭವದಿಂದಲೂ ಬರುತ್ತದೆ. ಆದರೂ ‘ಆಚೆ’ ಎಂಬ ಅರ್ಥ ‘ಓವರ್’ ಪದದಲ್ಲಿ ಸ್ವತಂತ್ರವಾಗಿ ನೆಲೆಗೊಂಡಿದೆ ಎಂಬುದನ್ನು ಅವರೂ ಒಪ್ಪುತ್ತಾರೆ.

ಅರ್ಥವಿಸ್ತರಣೆಯ ಈ ಚರ್ಚೆ ಭಾರತೀಯ ಶಾಸ್ತ್ರಪರಂಪರೆಗೆ ಹೊಸದಲ್ಲ. ಲಕ್ಷಣಾವೃತ್ತಿಗೆ ಆಲಂಕಾರಿಕರು ಮತ್ತೆ ಮತ್ತೆ ನೀಡುವ ‘ಗಂಗೆಯಲ್ಲಿ ಹಳ್ಳಿ’ ಎಂಬ ಉದಾಹರಣೆ ಸಪ್ತಮೀ ವಿಭಕ್ತಿಯ, ಅಂದರೆ ಸ್ಥಳಸಂಬಂಧದ, ಉದಾಹರಣೆಯೇ ಆಗಿದೆ ಎಂಬುದು ಗಮನಾರ್ಹ. ಪ್ರವಾಹದಲ್ಲಿ ಹಳ್ಳಿ ಇರಲಾರದು. ಆದ್ದರಿಂದ ಮುಖ್ಯಾರ್ಥಕ್ಕೆ ಬಾಧೆ ಒದಗಿ, ಅದಕ್ಕೆ ಸಂಬಂಧಿಸಿದ ‘ದಡ’ ಎಂಬ ಅರ್ಥ ಬರುತ್ತದೆ. ಮುಖ್ಯಾರ್ಥಬಾಧೆ, ಮುಖ್ಯಾರ್ಥದೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ ಎಂದು ಮಮ್ಮಟ ಹೇಳುವ ಮೂರು ಹೇತುಗಳಲ್ಲಿ ‘ರೂಢಿ’ ಎಂಬುದು ಪ್ರಸ್ತುತ ಚರ್ಚೆಗೆ ಬಹಳ ಮುಖ್ಯವಾದುದು. ಯಾವ ಅರ್ಥ ಸಂದರ್ಭದಿಂದ ತತ್ಕಾಲಕ್ಕೆ ಹೊಳೆಯುತ್ತದೆ, ಯಾವುದು ರೂಢಿಯಿಂದ ಪದದಲ್ಲಿಯೇ ನೆಲೆಸಿದೆ ಎಂಬ ಭೇದವೇ ಲೇಕಾಫ್ ಹಾಗೂ ಟೈಲರ್–ಎವಾನ್ಸ್ ಅವರ ನಡುವಣ ವಿವಾದದ ತಿರುಳು.

4. ‘ಮೇಲೆ’: ರೂಪ ಮತ್ತು ನೆಲೆ

‘ಓವರ್’ ಪದದ ಎದುರು ‘ಮೇಲೆ’ ಪದವನ್ನು ಇರಿಸುವ ಮೊದಲು ಕನ್ನಡದ ವ್ಯವಸ್ಥೆಯಲ್ಲಿ ಅದರ ಸ್ಥಾನವನ್ನು ನೋಡಬೇಕು. ಕೇಶಿರಾಜನು ಹಳಗನ್ನಡದ ಸಪ್ತಮೀ ಪ್ರತ್ಯಯವಾಗಿ ‘ಒಳ್’ ಎಂಬುದನ್ನು ಹೇಳುತ್ತಾನೆ. ಹೊಸಗನ್ನಡದಲ್ಲಿ ಆ ಸ್ಥಾನದಲ್ಲಿ ‘ಅಲ್ಲಿ’ ಇದೆ. ‘ಮೇಲೆ’ ಎಂಬುದು ಪ್ರತ್ಯಯವಲ್ಲ. ಅದು ಷಷ್ಠಿಯ ರೂಪವನ್ನು ಬೇಡುವ ಸ್ವತಂತ್ರ ಪದ. ‘ಮೇಜಿನ ಕಾಲು’ ಎಂಬಂತೆಯೇ ‘ಮೇಜಿನ ಮೇಲೆ’. ‘ಮೇಲ್’ ಎಂಬುದು ಮೂಲತಃ ವಸ್ತುವಿನ ಒಂದು ಭಾಗವನ್ನು, ಅದರ ಎತ್ತರದ ಬದಿಯನ್ನು, ಹೇಳುವ ನಾಮಪದವೆಂಬುದನ್ನು ಈ ಷಷ್ಠೀಸಂಬಂಧ ಇಂದಿಗೂ ತೋರಿಸಿಕೊಡುತ್ತದೆ. ಮೇಲ್ಮೈ, ಮೇಲುದು, ಮೇಲುಹೊದಿಕೆ ಮೊದಲಾದ ಪದಗಳಲ್ಲಿ ಆ ಅರ್ಥ ಸ್ಪಷ್ಟವಾಗಿಯೇ ಉಳಿದಿದೆ. ಓಗರದ ಮೇಲೆ ಬಡಿಸಿಕೊಳ್ಳುವುದು ‘ಮೇಲೋಗರ’. ನೋಡಿ ಬರೆಯಲೆಂದು ಮೇಲೆ ಬರೆದುಕೊಡುವ ಸಾಲು ‘ಮೇಲ್ಪಂಕ್ತಿ’.

ಸಂಸ್ಕೃತ ವೈಯಾಕರಣರು ಅಧಿಕರಣವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ಚಾಪೆಯ ಮೇಲೆ ಕುಳಿತಿರುವಂತಹ ಔಪಶ್ಲೇಷಿಕ, ಮೋಕ್ಷದಲ್ಲಿ ಇಚ್ಛೆ ಎಂಬಂತಹ ವೈಷಯಿಕ, ಎಳ್ಳಿನಲ್ಲಿ ಎಣ್ಣೆ ಎಂಬಂತಹ ಅಭಿವ್ಯಾಪಕ. ಸಂಸ್ಕೃತದಲ್ಲಿ ಈ ಮೂರಕ್ಕೂ ಸಪ್ತಮಿ ಒಂದೇ. ಕನ್ನಡದಲ್ಲಿಯಾದರೋ ಇವನ್ನು ವಿವರಿಸಹೊರಟ ಮೊದಲ ಉದಾಹರಣೆಯಲ್ಲಿಯೇ ‘ಮೇಲೆ’ ತಾನಾಗಿ ಬಂದುಬಿಡುತ್ತದೆ. ವ್ಯಾಪಿಸಿರುವುದಕ್ಕೆ ‘ಅಲ್ಲಿ’, ತಾಕಿ ಆಧರಿಸಿರುವುದಕ್ಕೆ ‘ಮೇಲೆ’ ಎಂಬ ಭೇದವನ್ನು ಕನ್ನಡ ಸಾಮಾನ್ಯವಾಗಿ ಪಾಲಿಸುತ್ತದೆ. ಕನ್ನಡಕ್ಕೆ ಅದರದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ ಅವರು 2000ದಲ್ಲಿ ಮಂಡಿಸಿದ ವಾದಕ್ಕೆ ಇಂತಹ ಸಂಗತಿಗಳು ಸಣ್ಣವಾದರೂ ಬಲವಾದ ಪುಷ್ಟಿ ಒದಗಿಸುತ್ತವೆ. ಏಳು ವಿಭಕ್ತಿಗಳ ಪಟ್ಟಿಯಲ್ಲಿ ‘ಮೇಲೆ’ಗೆ ಸ್ಥಳವಿಲ್ಲ, ಅವ್ಯಯವೆಂದು ಕರೆದು ಬಿಟ್ಟುಬಿಡುವುದರಿಂದ ಅದರ ಅರ್ಥವ್ಯವಸ್ಥೆ ಪಾಠದ ಹೊರಗೇ ಉಳಿದುಬಿಡುತ್ತದೆ.

ಇಂಗ್ಲಿಷಿನಲ್ಲಿ ತಾಕಿ ಆಧರಿಸಿರುವುದಕ್ಕೆ ‘ಆನ್’, ತಾಕದೆ ಮೇಲಿರುವುದಕ್ಕೆ ‘ಓವರ್’ ಹಾಗೂ ‘ಅಬವ್’ ಎಂಬ ಪದಗಳಿವೆ. ಕನ್ನಡದಲ್ಲಿ ಮೇಜಿನ ಮೇಲಿನ ಪುಸ್ತಕಕ್ಕೂ ಮೇಜಿನ ಮೇಲೆ ತೂಗುವ ದೀಪಕ್ಕೂ ಗೋಡೆಯ ಮೇಲಿನ ಹಲ್ಲಿಗೂ ‘ಮೇಲೆ’ ಒಂದೇ. ಪದದ ಬೆಲೆ ನಿರ್ಧಾರವಾಗುವುದು ಅದರ ನೆರೆಯ ಪದಗಳಿಂದ ಎಂದು ಸೊಸ್ಯೂರ್ ಹೇಳಿದ ತತ್ತ್ವ ಇಲ್ಲಿ ಅನ್ವಯಿಸುತ್ತದೆ. ಫ್ರೆಂಚಿನ ‘ಮುತೊಂ’ ಕುರಿಯನ್ನೂ ಕುರಿಯ ಮಾಂಸವನ್ನೂ ಹೇಳುತ್ತದೆ. ಇಂಗ್ಲಿಷಿನ ‘ಷೀಪ್’ ಪದದ ಪಕ್ಕದಲ್ಲಿ ‘ಮಟನ್’ ಇರುವುದರಿಂದ ‘ಷೀಪ್’ ಪ್ರಾಣಿಗಷ್ಟೇ ಸೀಮಿತ. ಹಾಗೆಯೇ ‘ಆನ್’ ಎಂಬ ನೆರೆಯವನು ತಾಕುವ ಕೆಲಸವನ್ನು ವಹಿಸಿಕೊಂಡುದರಿಂದ ‘ಓವರ್’ ತಾಕದಿರುವ ಎತ್ತರಕ್ಕೂ ಚಲನೆಗೂ ಬಿಡುವಾಗಿ ಉಳಿಯಿತು. ‘ಮೇಲೆ’ ಪದಕ್ಕೆ ಅಂತಹ ನೆರೆಯವನಿಲ್ಲ. ಅದರ ನಡುವೆ ಕುಳಿತಿರುವುದು ಆಧಾರವನ್ನು ತಾಕಿರುವ ಚಿತ್ರವೇ.

5. ದಾಟುವಿಕೆ ಮತ್ತು ಪೇರಿಕೆ

ಈ ಆರಂಭಿಕ ವ್ಯತ್ಯಾಸದ ಪರಿಣಾಮ ಸ್ಥಳದಾಚೆಯ ಅರ್ಥಗಳಲ್ಲಿ ಕಾಣುತ್ತದೆ. ಅದನ್ನು ನಾಲ್ಕು ಕ್ಷೇತ್ರಗಳಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಚಲನೆ. ‘ಜಂಪ್ಡ್ ಓವರ್’ ಎಂಬಲ್ಲಿ ದಾಟಿದ ಸಂಗತಿಯನ್ನು ‘ಓವರ್’ ಹೇಳುತ್ತದೆ. ಕನ್ನಡದಲ್ಲಿ ಆ ಕೆಲಸ ದಾಟು, ಹಾಯು, ಮೀರು ಎಂಬ ಧಾತುಗಳದು: ಬೇಲಿ ದಾಟಿದ, ಹೊಳೆ ಹಾಯ್ದ, ಗಡಿ ಮೀರಿದ. ಚಲನೆಯ ದಾರಿಯನ್ನು ಕೆಲವು ಭಾಷೆಗಳು ಕ್ರಿಯಾಪದದಲ್ಲಿಯೂ ಕೆಲವು ಕ್ರಿಯಾಪದದ ಪಕ್ಕದ ಪದಗಳಲ್ಲಿಯೂ ಇರಿಸುತ್ತವೆ ಎಂಬ ಲೆನ್ ಟಾಲ್ಮಿ ಅವರ ವಿಂಗಡಣೆಗೆ ಇದು ಹೊಂದುತ್ತದೆ. ‘ಹಾಸನದ ಮೇಲೆ ಹೋಗುವ ಬಸ್ಸು’ ಎಂಬ ಆಡುಮಾತಿನ ಪ್ರಯೋಗವನ್ನು ಇದಕ್ಕೆ ಅಪವಾದವೆಂದು ತೋರಿಸಬಹುದು. ಇಲ್ಲಿ ಹಾಯುವ ಅರ್ಥ ಇದ್ದೇ ಇದೆ. ಆದರೆ ‘ಹೋಗುವ’ ಎಂಬುದನ್ನು ತೆಗೆದೊಡನೆ ಅದು ಮಾಯವಾಗುತ್ತದೆ. ಚಲನೆಯ ಮಾತೇ ಇಲ್ಲದ ‘ಓವರ್ ದ ಹಿಲ್’ ಎಂಬಲ್ಲಿ ಮಾತ್ರ ದಾಟಿದ ಬಳಿಕದ ತಾಣ ಪದದೊಳಗೇ ಉಳಿದಿದೆ. ದಾಟುವಿಕೆ ಸಂಪೂರ್ಣವಾಗಿ ಸಂದರ್ಭದಿಂದಲೇ ಬರುವುದಾಗಿದ್ದರೆ, ಅಂತಹುದೇ ಸಂದರ್ಭದಲ್ಲಿ ‘ಬೆಟ್ಟದ ಮೇಲೆ’ ಎಂಬುದಕ್ಕೂ ಆ ಅರ್ಥ ಬರಬೇಕಿತ್ತು, ಬರುವುದಿಲ್ಲ. ಇದು ರೂಢಿಯ ಪಕ್ಷಕ್ಕೆ ಕನ್ನಡ ಒದಗಿಸುವ ಸಾಕ್ಷ್ಯ.

ಎರಡನೆಯದು ಪ್ರಮಾಣ. ‘ಐವತ್ತರ ಮೇಲೆ ವಯಸ್ಸಾಗಿದೆ’ ಎಂಬಲ್ಲಿ ಎರಡು ಪದಗಳೂ ಒಂದಾಗುತ್ತವೆ. ಹೆಚ್ಚೆಂದರೆ ಎತ್ತರ ಎಂಬ ಕಲ್ಪನೆ ರಾಶಿ ಬೆಳೆದಂತೆ ಎತ್ತರವಾಗುವ ಅನುಭವದಿಂದ ಬಂದದ್ದೆಂದು ಲೇಕಾಫ್ ಮತ್ತು ಜಾನ್ಸನ್ 1980ರಲ್ಲಿ ವಿವರಿಸಿದ್ದಾರೆ. ಇಲ್ಲಿಂದ ಮುಂದೆ ದಾರಿಗಳು ಕವಲೊಡೆಯುತ್ತವೆ. ಮಿತಿಯೊಂದನ್ನು ದಾಟಿದುದರಿಂದ ‘ಓವರ್’ ಎಂಬುದು ‘ಅತಿ’ಯಾಗುತ್ತದೆ. ‘ಮೇಲೆ’ ಎಂಬುದು ಅತಿಯಾಗುವುದಿಲ್ಲ, ‘ಜೊತೆಗೆ’ ಆಗುತ್ತದೆ: ಮೇಲುಖರ್ಚು, ಮೇಲುಸಂಪಾದನೆ, ‘ಅದರ ಮೇಲೆ ಇದೊಂದು ಬೇರೆ’, ‘ಗಾಯದ ಮೇಲೆ ಬರೆ’. ಮಿತಿ ದಾಟಿದುದನ್ನು ಹೇಳಲು ಕನ್ನಡ ‘ಮೀರು’ ಧಾತುವನ್ನೇ ಕರೆಯುತ್ತದೆ. ‘ಮಿತಿಮೀರಿದ’ ಎಂದೇ ಹೇಳಬೇಕು.

ಮೂರನೆಯದು ಪುನರಾವರ್ತನೆ. ‘ಓವರ್ ಅಂಡ್ ಓವರ್’ ಎಂಬುದಕ್ಕೆ ಕನ್ನಡದಲ್ಲಿ ‘ಮೇಲಿಂದ ಮೇಲೆ’ ಎಂಬ ಸೊಗಸಾದ ಪದಪುಂಜವಿದೆ. ತಲುಪಿದ ಅರ್ಥ ಒಂದೇ, ಬಂದ ದಾರಿ ಬೇರೆ. ಇಂಗ್ಲಿಷಿನಲ್ಲಿ ಒಂದೇ ದಾರಿಯನ್ನು ಮತ್ತೆ ಮತ್ತೆ ಕ್ರಮಿಸಿದಂತಾದರೆ, ಕನ್ನಡದಲ್ಲಿ ಒಂದರ ಮೇಲೊಂದು ಪದರ ಬಿದ್ದಂತೆ. ಕೊನೆಯ ಅರ್ಥವನ್ನು ಮಾತ್ರ ನೋಡಿ ಎರಡು ಪದಗಳನ್ನು ಸಮಾನವೆನ್ನುವುದು ಎಷ್ಟು ಅಪಾಯಕರವೆಂಬುದಕ್ಕೆ ಇದು ನಿದರ್ಶನ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕಾಲ. ‘ದ ಮೀಲ್ ಈಸ್ ಓವರ್’ ಎಂದರೆ ಊಟ ಮುಗಿದಿದೆ; ಅದರ ಅವಧಿಯನ್ನು ದಾಟಿ ಆಚೆಯ ದಡಕ್ಕೆ ಬಂದಾಗಿದೆ. ‘ಊಟವಾದ ಮೇಲೆ’ ಎಂದರೆ ಅನಂತರ. ‘ಆಮೇಲೆ’, ‘ಇನ್ನು ಮೇಲೆ’ ಎಂಬಲ್ಲಿಯೂ ಹೀಗೆಯೇ. ನಡೆದುಹೋದ ಘಟನೆ ಇಲ್ಲಿ ತಳಪಾಯ. ಮುಂದಿನದು ಅದರ ಮೇಲೆ ಬಂದು ಕೂರುತ್ತದೆ. ಈ ವ್ಯಾಖ್ಯಾನ ಕೇವಲ ಊಹೆಯಲ್ಲ ಎಂಬುದಕ್ಕೆ ಭಾಷೆಯೊಳಗಿನ ಎರಡು ಸಾಕ್ಷ್ಯಗಳಿವೆ. ‘ಬಂದ ಮೇಲೆ’ ಎನ್ನಬಹುದು, ‘ಬರುವ ಮೇಲೆ’ ಎನ್ನಲಾಗದು. ಮೊದಲ ಪದರ ಬಿದ್ದಾದ ಹೊರತು ಅದರ ಮೇಲೆ ಇನ್ನೊಂದನ್ನು ಇರಿಸಲಾಗದಂತೆ, ಭೂತ ಕೃದಂತದೊಡನೆ ಮಾತ್ರ ‘ಮೇಲೆ’ ಹೊಂದುತ್ತದೆ. ಎರಡನೆಯದಾಗಿ, ‘ಹತ್ತು ವರ್ಷದ ಕೆಳಗೆ’ ಎಂದರೆ ಕನ್ನಡದಲ್ಲಿ ಹತ್ತು ವರ್ಷಗಳ ಹಿಂದೆ ಎಂದರ್ಥ. ಕಳೆದುಹೋದ ಕಾಲ ಕೆಳಗಿನ ಪದರ, ಬಳಿಕದ ಕಾಲ ಮೇಲಿನ ಪದರ ಎಂಬ ಒಂದೇ ಚಿತ್ರದ ಎರಡು ತುದಿಗಳಿವು. ಇಂಗ್ಲಿಷಿನ ‘ಓವರ್’ ಹಾಗೂ ‘ಅಂಡರ್’ ಪದಗಳು ಇಂತಹ ಕಾಲಜೋಡಿಯಾಗಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ‘ಮೇಲೆ ಹೇಳಿದಂತೆ’, ‘ಮೇಲ್ಕಂಡ’ ಎಂಬಲ್ಲಿ ‘ಮೇಲೆ’ ಎಂದರೆ ಮೊದಲು; ‘ಕೆಳಕಂಡ’ ಎಂದರೆ ಮುಂದೆ ಬರಲಿರುವುದು. ಇದು ಮೇಲಿನ ವ್ಯಾಖ್ಯಾನಕ್ಕೆ ನೇರ ವಿರುದ್ಧವಾಗಿ ತೋರುತ್ತದೆ. ಆದರೆ ಈ ಪ್ರಯೋಗ ಸಲ್ಲುವುದು ಬರಹದ ಕ್ಷೇತ್ರದಲ್ಲಿ. ಓಲೆ, ಕಾಗದಗಳಲ್ಲಿ ಬರಹ ಮೇಲಿನಿಂದ ಕೆಳಕ್ಕೆ ಸಾಗುವುದರಿಂದ ಇಲ್ಲಿ ‘ಮೇಲೆ’ ಎಂಬುದು ಕಾಲವನ್ನಲ್ಲ, ಪುಟದ ಮೇಲಿನ ತಾಣವನ್ನೇ ನೇರವಾಗಿ ಸೂಚಿಸುತ್ತದೆ. ಚಿತ್ರ ಬೇರೆಯಾದುದರಿಂದ ಅರ್ಥ ತಿರುವುಮುರುವಾಗಿದೆ. ಆದ್ದರಿಂದ ಇದು ಬಿಂಬವೇ ಅರ್ಥವನ್ನು ನಡೆಸುತ್ತದೆ ಎಂಬ ಮಾತನ್ನು ಅಲ್ಲಗಳೆಯುವುದಿಲ್ಲ, ಸಮರ್ಥಿಸುತ್ತದೆ.

ಕಾಲದಿಂದ ತರ್ಕಕ್ಕೆ ಒಂದೇ ಹೆಜ್ಜೆ. ‘ಮಾತು ಕೊಟ್ಟ ಮೇಲೆ ನಡೆಸಲೇಬೇಕು’, ‘ಓದದ ಮೇಲೆ ತೇರ್ಗಡೆಯಾಗುವುದು ಹೇಗೆ?’ ಎಂಬಲ್ಲಿ ‘ಮೇಲೆ’ ಅನಂತರವನ್ನಲ್ಲ, ಕಾರಣವನ್ನು ಹೇಳುತ್ತದೆ. ಆಧಾರದ ಮೇಲೆ ವಸ್ತು ನಿಲ್ಲುವಂತೆ ಕಾರಣದ ಮೇಲೆ ತೀರ್ಮಾನ ನಿಲ್ಲುತ್ತದೆ. ‘ಜಾಮೀನಿನ ಮೇಲೆ ಬಿಡುಗಡೆ’, ‘ಷರತ್ತಿನ ಮೇಲೆ ಒಪ್ಪಿಗೆ’ ಎಂಬ ಕಚೇರಿಯ ಪ್ರಯೋಗಗಳೂ ಇದೇ ಸಾಲಿನವು. ಇವುಗಳ ಇಂಗ್ಲಿಷ್ ಜೋಡಿ ‘ಆನ್’ ಆಗಿರುವುದು ಆಕಸ್ಮಿಕವಲ್ಲ. ‘ಅವನ ಮೇಲೆ ಕೋಪ’, ‘ಮಗನ ಮೇಲೆ ಪ್ರೀತಿ’, ‘ಅಧಿಕಾರಿಯ ಮೇಲೆ ದೂರು’, ‘ಮಕ್ಕಳ ಮೇಲೆ ಆಣೆ’ ಇವುಗಳಲ್ಲಿ ಭಾವ ಅಥವಾ ಹೊಣೆ ಎಂಬುದು ಒಬ್ಬರ ಮೇಲೆ ಇರಿಸಿದ ಭಾರ. ದಾಟುವ ಬಿಂಬದಿಂದ ಹೊರಟ ‘ಓವರ್’ ಈ ಪ್ರಯೋಗಗಳಲ್ಲಿ ಯಾವುದಕ್ಕೂ ಒದಗಿಬರುವುದಿಲ್ಲ.

ಅಧಿಕಾರದ ಅರ್ಥದಲ್ಲಿ ಎರಡು ಪದಗಳೂ ಮತ್ತೆ ಸಂಧಿಸುತ್ತವೆ: ಮೇಲಧಿಕಾರಿ, ಮೇಲುಗೈ, ಮೇಲ್ವಿಚಾರಣೆ. ಆದರೆ ಕನ್ನಡ ಇಲ್ಲಿಗೆ ನಿಲ್ಲುವುದಿಲ್ಲ. ‘ಅದಕ್ಕಿಂತ ಇದು ಮೇಲು’ ಎಂಬಲ್ಲಿ ಎತ್ತರವೇ ಒಳಿತಾಗುತ್ತದೆ. ತೆಲುಗಿನ ‘ಮೇಲು’ ಪದಕ್ಕೂ ಒಳ್ಳೆಯದು, ಉಪಕಾರ ಎಂಬರ್ಥವಿದೆ. ‘ಮೇಲು–ಕೀಳು’ ಎಂಬ ಜೋಡಿಯಲ್ಲಿ ಸ್ಥಳದ ಭೇದ ಸಮಾಜದ ಭೇದವಾಗಿ, ಅಲ್ಲಿಂದ ಮೌಲ್ಯದ ಭೇದವಾಗಿ ಬದಲಾಗಿರುವುದನ್ನು ಕಾಣಬಹುದು. ಮನುಷ್ಯರು ಮಾಡಿಕೊಂಡ ಶ್ರೇಣಿಯನ್ನು ಬೆಟ್ಟ–ಬಯಲುಗಳಷ್ಟೇ ಸಹಜವೆಂಬಂತೆ ತೋರಿಸುವ ಶಕ್ತಿ ಇಂತಹ ಪದಗಳಿಗಿದೆ. ಆ ಕಾರಣದಿಂದಲೂ ಇವುಗಳ ಅಧ್ಯಯನ ಕೇವಲ ವ್ಯಾಕರಣದ ವಿಷಯವಾಗಿ ಉಳಿಯುವುದಿಲ್ಲ.

6. ಬಿಂಬ ಮಾಸಿದ ಬಳಿಕ

ಎಲ್ಲ ಅರ್ಥಗಳಲ್ಲಿಯೂ ಬಿಂಬ ಜೀವಂತವಾಗಿದೆ ಎಂದು ಹೇಳಲಾಗದು. ತಮಿಳಿನಲ್ಲಿ ಪಶ್ಚಿಮಕ್ಕೆ ‘ಮೇರ್ಕು’, ಪೂರ್ವಕ್ಕೆ ‘ಕಿೞಕ್ಕು’ ಎಂಬ ಹೆಸರುಗಳಿವೆ. ಇವು ‘ಮೇಲ್’, ‘ಕೀೞ್’ ಎಂಬ ಪದಗಳಿಂದ ಬಂದವು. ತಮಿಳುನಾಡಿನ ನೆಲ ಪಶ್ಚಿಮದ ಬೆಟ್ಟಸಾಲಿನಿಂದ ಪೂರ್ವದ ಕಡಲಿನತ್ತ ಇಳಿಯುವುದರಿಂದ ಈ ಹೆಸರುಗಳು ಅಲ್ಲಿ ಅನ್ವರ್ಥಕ. ಕೇರಳದಲ್ಲಿ ನೆಲದ ಇಳಿಜಾರು ಇದಕ್ಕೆ ತದ್ವಿರುದ್ಧ. ಆದರೂ ಮಲಯಾಳಂನಲ್ಲಿ ಎತ್ತರದ ಪೂರ್ವ ದಿಕ್ಕಿಗೆ ‘ಕಿೞಕ್ಕು’ ಎಂದೇ ಹೆಸರು. ಬಿಂಬ ಹೋದರೂ ಪದ ಉಳಿಯಿತು.

ಕ್ರಿಕೆಟ್ಟಿನ ‘ಓವರ್’ ಇನ್ನೊಂದು ನಿದರ್ಶನ. ನಿಗದಿಯಾದ ಎಸೆತಗಳು ಮುಗಿದೊಡನೆ ಅಂಪೈರ್ ‘ಓವರ್’ ಎಂದು ಸಾರುತ್ತಾನೆ. ಬೌಲಿಂಗ್ ಇನ್ನೊಂದು ತುದಿಗೆ ದಾಟುತ್ತದೆ. ಸಾರುವ ಆ ಮಾತೇ ಎಸೆತಗಳ ಗುಂಪಿಗೆ ಹೆಸರಾಯಿತು. ಗುಂಪಿನ ಸಂಖ್ಯೆ ಇಂಗ್ಲೆಂಡಿನಲ್ಲಿ 1889ರಲ್ಲಿ ನಾಲ್ಕರಿಂದ ಐದಕ್ಕೂ 1900ರಲ್ಲಿ ಆರಕ್ಕೂ ಏರಿತು. ಆಸ್ಟ್ರೇಲಿಯದಲ್ಲಿ 1979ರವರೆಗೆ ಎಂಟು ಎಸೆತಗಳ ಓವರ್ ಇತ್ತು. ಇಂದಿನ ಕನ್ನಡಿಗನಿಗೆ ಓವರ್ ಎಂದರೆ ಆರು ಎಸೆತ, ಅಷ್ಟೇ. ಆಡುಮಾತಿನ ‘ಅವನದು ಸ್ವಲ್ಪ ಓವರ್ ಆಯಿತು’ ಎಂಬಲ್ಲಿ ‘ಅತಿ’ ಎಂಬರ್ಥ ಬಂದಿದೆ. ಆದರೆ ‘ಮೇಜಿನ ಓವರ್’ ಎಂದು ಯಾರೂ ಹೇಳುವುದಿಲ್ಲ. ಕನ್ನಡ ತನ್ನ ‘ಮೇಲೆ’ ತಲುಪದ ಅರ್ಥಗಳನ್ನು ಮ���ತ್ರ ಎರವಲು ಪಡೆದಿದೆ; ಸ್ಥಳದ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಬೇರನ್ನು ಬಿಟ್ಟು ಎಲೆಯನ್ನು ಮಾತ್ರ ಕೊಯ್ದುಕೊಳ್ಳುವ ಎರವಲಿನ ಕ್ರಮಕ್ಕೆ ಇದು ಒಳ್ಳೆಯ ಮಾದರಿ.

7. ನಿಘಂಟು, ಅನುವಾದ, ಪಾಠ

ಈ ವಿಶ್ಲೇಷಣೆಯ ಪ್ರಯೋಜನ ಮೂರು ಕಡೆ ಇದೆ. ಮೊದಲನೆಯದು ದ್ವಿಭಾಷಾ ನಿಘಂಟು. ‘ಓವರ್’ ಎಂಬ ಮುಖ್ಯೋಲ್ಲೇಖದ ಎದುರು ‘ಮೇಲೆ, ಆಚೆ, ಹೆಚ್ಚು, ಮುಗಿದ, ಪುನಃ, ಕುರಿತು’ ಎಂದು ಸಮಾನಪದಗಳನ್ನು ಸಾಲಾಗಿ ಕೊಟ್ಟರೆ ಓದುವವನಿಗೆ ದೊರೆಯುವುದು ಒಂದು ರಾಶಿ. ಅದರ ಬದಲು ‘ಎತ್ತರದಲ್ಲಿರುವುದು, ಮೇಲಿನಿಂದ ದಾಟುವುದು’ ಎಂಬ ಚಿತ್ರವನ್ನು ಮೊದಲಿಟ್ಟು, ದಾಟಿದುದರಿಂದ ಆಚೆ, ಆಚೆಯಿಂದ ಮುಗಿಯುವುದು, ಮಿತಿಯನ್ನು ದಾಟಿದುದರಿಂದ ಅತಿ, ಒಬ್ಬರಿಂದ ಇನ್ನೊಬ್ಬರಿಗೆ ದಾಟಿದುದರಿಂದ ಹಸ್ತಾಂತರ ಎಂದು ಕವಲುಗಳನ್ನು ತೋರಿಸಬಹುದು. ಹಾಗೆಯೇ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ‘ಮೇಲೆ’ ಪದದ ಕೆಳಗೆ ಆಧಾರ, ಪೇರಿಕೆ, ಅನಂತರ, ಕಾರಣ ಎಂಬ ಸರಣಿಯನ್ನು ಕೊಡಬಹುದು.

ಎರಡನೆಯದು ಅನುವಾದ. ಚಿತ್ರವನ್ನು ಮನಸ್ಸಿನಲ್ಲಿಟ್ಟ ಅನುವಾದಕನು ‘ಓವರ್ ದ ಇಯರ್ಸ್’ ಎಂಬುದನ್ನು ‘ವರ್ಷಗಳ ಮೇಲೆ’ ಎನ್ನದೆ ‘ವರ್ಷಗಳು ಕಳೆದಂತೆ’ ಎನ್ನುತ್ತಾನೆ. ‘ಕ್ವಾರಲ್ ಓವರ್ ಲ್ಯಾಂಡ್’ ಎಂಬುದನ್ನು ‘ಜಮೀನಿನ ಮೇಲೆ ಜಗಳ’ ಎಂದು ಇಬ್ಬರನ್ನು ಹೊಲದಲ್ಲಿ ನಿಲ್ಲಿಸದೆ ‘ಜಮೀನಿಗಾಗಿ ಜಗಳ’ ಎನ್ನುತ್ತಾನೆ. ‘ಓವರ್‌ಸೈಟ್’ ಎಂಬ ಒಂದೇ ಇಂಗ್ಲಿಷ್ ಪದಕ್ಕೆ ಮೇಲ್ವಿಚಾರಣೆ ಎಂಬರ್ಥವೂ ಕಣ್ತಪ್ಪು ಎಂಬರ್ಥವೂ ಇದೆ. ಮೇಲಿನಿಂದ ನೋಡುವುದು ಒಂದು, ನೋಟ ವಸ್ತುವನ್ನು ದಾಟಿ ಹೋಗುವುದು ಇನ್ನೊಂದು. ಆಡಳಿತದ ಕಾಗದಗಳಲ್ಲಿ ಇವು ಅದಲುಬದಲಾದರೆ ಹೊಣೆಗಾರಿಕೆಯೇ ತಪ್ಪಾಗಿ ಮಾರ್ಪಡುತ್ತದೆ.

ಮೂರನೆಯದು ತರಗತಿ. ಪದವಿ ತರಗತಿಗಳಲ್ಲಿ ಭಾಷಾವಿಜ್ಞಾನವನ್ನು ಬೋಧಿಸುವಾಗ ಬಹ್ವರ್ಥತೆಗೆ ಇಂಗ್ಲಿಷಿನ ಉದಾಹರಣೆಗಳನ್ನೇ ಆಶ್ರಯಿಸಬೇಕಾಗಿಲ್ಲ. ‘ಮೇಲೆ, ಕೆಳಗೆ, ಹಿಂದೆ, ಮುಂದೆ, ಒಳಗೆ, ಆಚೆ’ ಎಂಬ ಆರು ಪದಗಳು ಒಂದು ಇಡೀ ಅಧ್ಯಾಯಕ್ಕೆ ಸಾಮಗ್ರಿ ಒದಗಿಸುತ್ತವೆ. ‘ಹತ್ತು ವರ್ಷದ ಕೆಳಗೆ’, ‘ಬಂದ ಮೇಲೆ’ ಎಂಬುವನ್ನು ಒಟ್ಟಿಗೆ ಕರಿಹಲಗೆಯ ಮೇಲೆ ಬರೆದರೆ ವಿದ್ಯಾರ್ಥಿಗಳು ತಮ್ಮ ಮಾತಿನಲ್ಲಿಯೇ ಅಡಗಿದ್ದ ವ್ಯವಸ್ಥೆಯನ್ನು ಕಾಣಬಲ್ಲರು. ಜಾಲ ಇರುವುದು ಯಾರ ಮನಸ್ಸಿನಲ್ಲಿ ಎಂಬ ಸಾಂಡ್ರಾ ಮತ್ತು ರೈಸ್ ಅವರ ಪ್ರಶ್ನೆಯನ್ನು ಕನ್ನಡ ಭಾಷಿಕರ ನಡುವೆ ಪರೀಕ್ಷಿಸಲು ಸಹ ಅಂತಹ ತರಗತಿಯೇ ಉಚಿತವಾದ ಆರಂಭ.

8. ಉಪಸಂಹಾರ

‘ಓವರ್’ ಮತ್ತು ‘ಮೇಲೆ’ ಎಂಬ ಎರಡು ಪದಗಳೂ ಎತ್ತರವೆಂಬ ಒಂದೇ ಮಾನವಾನುಭವದಿಂದ ಹೊರಟವು. ಒಂದು ತಾಕದೆ ಹಾಯುವುದನ್ನು ಹಿಡಿಯಿತು, ಇನ್ನೊಂದು ತಾಕಿ ನಿಲ್ಲುವುದನ್ನು ಹಿಡಿಯಿತು. ಹಾಗಾಗಿ ಕಾಲವನ್ನು ಕುರಿತು ಮಾತನಾಡುವಾಗ ಒಂದು ‘ಮುಗಿಯಿತು’ ಎಂದಿತು, ಇನ್ನೊಂದು ‘ಅನಂತರ’ ಎಂದಿತು. ಅನೇಕಾರ್ಥವೆಂಬುದು ಭಾಷೆಯ ಗೊಂದಲವಲ್ಲ. ಆರಂಭದ ಒಂದು ಸಣ್ಣ ಆಯ್ಕೆ ಬಹುದೂರ ಬೆಳೆದುದರ ಫಲ. ಕನ್ನಡದ ಸ್ಥಳವಾಚಿ ಪದಗಳನ್ನು ವಿಭಕ್ತಿಯ ಪಟ್ಟಿಯಿಂದ ಹೊರಗುಳಿದ ಅವ್ಯಯಗಳೆಂದು ಬದಿಗಿರಿಸದೆ, ಒಂದೊಂದನ್ನೂ ಹೀಗೆ ಬಿಡಿಸಿ ನೋಡಿದಲ್ಲಿ ಮಾತ್ರ ಕನ್ನಡ ವ್ಯಾಕರಣದ ಅಧಿಕರಣ ಪ್ರಕರಣ ಪೂರ್ಣವಾದೀತು.